ಜರಫ್ಶಾನದ ನೀರು, ಬುಖಾರಾದ ಕೊಳಗಳು

ನದಿಗಳೆಲ್ಲವೂ ಸಮುದ್ರಗಾಮಿಗಳೆಂಬ ಮಾತು ಮಧ್ಯ ಏಷ್ಯಾದ ಮಟ್ಟಿಗೆ ಸಲ್ಲುವುದಿಲ್ಲ. ಪಾಮೀರ್ ಮತ್ತು ತಿಯಾನ್‌ಶಾನ್ ಪರ್ವತಗಳಲ್ಲಿ ಹುಟ್ಟುವ ಅಮು ದರ್ಯಾ, ಸಿರ್ ದರ್ಯಾಗಳ ಯಾತ್ರೆ ಒಳನಾಡಿನ ಅರಲ್ ಸರೋವರದಲ್ಲಿಯೇ ಮುಗಿಯುತ್ತಿತ್ತು. ಇವೆರಡರ ನಡುವಣ ಜರಫ್ಶಾನ್ ನದಿಗಂತೂ ಆ ಭಾಗ್ಯವೂ ಇಲ್ಲ. ತಾಜಿಕಿಸ್ತಾನದ ಹಿಮನದಿಯೊಂದರಲ್ಲಿ ಜನಿಸಿ, ಉಜ್ಬೇಕಿಸ್ತಾನದ ಸಮರಕಂದ, ಬುಖಾರಾಗಳನ್ನು ಪೋಷಿಸಿ, ಅಮು ದರ್ಯಾ ಇನ್ನೇನು ಸಿಕ್ಕಿತೆನ್ನುವಷ್ಟರಲ್ಲಿ ಅದು ಮರಳಿನಲ್ಲಿ ಇಂಗಿಹೋಗುತ್ತದೆ.

ಬೇಸಗೆಯಲ್ಲಿ ಮಳೆಯನ್ನೇ ಕಾಣದ ಈ ಬಯಲಿನಲ್ಲಿ ಎರಡು ಸಾವಿರ ವರ್ಷಗಳಿಗೂ ಮೀರಿ ನಗರಗಳು ಬಾಳಿಬಂದುದಕ್ಕೆ ಕಾರಣ, ಬೆಳೆ ಬಾಯಾರುವ ಕಾಲದಲ್ಲಿಯೇ ಪರ್ವತದ ಹಿಮವು ಕರಗಿ ನದಿಯನ್ನು ತುಂಬುವುದು. ನೀರು ಹಾಯುವಲ್ಲಿ ಪಾರಸಿ ಕುಲದ ಭಾಷೆಯಾಡುವ ತಾಜಿಕರು, ತುರ್ಕಿ ಕುಲದ ಭಾಷೆಯಾಡುವ ಉಜ್ಬೇಕರು ತೋಟ, ಹೊಲ, ವ್ಯಾಪಾರಗಳನ್ನು ನಡೆಸಿಕೊಂಡಿದ್ದರೆ, ನೀರು ಹಾಯದ ಹುಲ್ಲುಗಾವಲು, ಬೆಟ್ಟ, ಮರುಭೂಮಿಗಳಲ್ಲಿ ಕಜಾಕ್, ಕಿರ್ಗಿಜ್, ತುರ್ಕ್‌ಮೆನ್ ಜನರು ಹಿಂಡುಗಳೊಡನೆ ಸಂಚರಿಸುತ್ತಿದ್ದರು. ಒಂದೇ ಮನೆಯಲ್ಲಿ ಎರಡು ಭಾಷೆ ನಡೆಯುತ್ತಿದ್ದ ಈ ನಾಡನ್ನು 1924ರಲ್ಲಿ ಸೋವಿಯೆತ್ ಆಡಳಿತವು ಜನಾಂಗಗಳ ಹೆಸರಿನಲ್ಲಿ ವಿಭಾಗಿಸಲು ಹೊರಟಿತು. ತಾಜಿಕ್ ಮಾತೇ ಹೆಚ್ಚಾಗಿ ಕೇಳಿಬರುವ ಸಮರಕಂದ, ಬುಖಾರಾಗಳು ಉಜ್ಬೇಕಿಸ್ತಾನದ ಪಾಲಾದುವು.

ನದಿಯ ಕೊನೆಯಲ್ಲಿರುವ ಬುಖಾರಾಕ್ಕೆ ನೀರು ಎಡೆಬಿಡದೆ ಬರುವಂತಿರಲಿಲ್ಲವಾದ್ದರಿಂದ ಅಲ್ಲಿನವರು ಕಾಲುವೆಯ ನೀರನ್ನು ಹೌಜ್ ಎಂಬ ಕೊಳಗಳಲ್ಲಿ ತುಂಬಿಡುತ್ತಿದ್ದರು. 17ನೆಯ ಶತಮಾನದ ಲಬಿ ಹೌಜ್ ಇಂದಿಗೂ ಹಿಪ್ಪುನೇರಳೆ ಮರಗಳ ನೆರಳಿನಲ್ಲಿ ನೋಡುವವರ ಕಣ್ಣಿಗೆ ತಂಪಾಗಿದೆ. ಆದರೆ ನಗರಕ್ಕೆ ಅಪಖ್ಯಾತಿಯನ್ನು ತಂದ ನಾರುಹುಣ್ಣು ಹಬ್ಬುತ್ತಿದ್ದುದು ಇಂಥ ಕೊಳಗಳ ಸುಂದರವಾದ ಕಲ್ಲುಮೆಟ್ಟಿಲುಗಳಿಂದಲೇ. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮಜೀವಿಯ ಒಡಲಲ್ಲಿ ಈ ರೋಗವನ್ನು ತರುವ ಹುಳುವಿನ ಮರಿಗಳು ಅಡಗಿರುತ್ತವೆ. ಆ ನೀರನ್ನು ಕುಡಿದವನ ದೇಹದಲ್ಲಿ ಒಂದು ವರ್ಷ ಬೆಳೆದ ಹೆಣ್ಣುಹುಳು ಸುಮಾರು 1 ಮೀಟರ್ ಉದ್ದದ ದಾರದಂತಾಗಿ, ಸಾಮಾನ್ಯವಾಗಿ ಕಾಲಿನ ಬೊಕ್ಕೆಯಿಂದ ಹೊರಗೆ ತಲೆಯಿಕ್ಕುತ್ತದೆ. ಉರಿ ತಾಳಲಾರದೆಯೋ, ಚರ್ಮದ ಚೀಲಕ್ಕೆ ನೀರು ತುಂಬಲೆಂದೋ ಆತನು ಮೆಟ್ಟಿಲಿಳಿದು ಕಾಲನ್ನು ಅದ್ದಿದೊಡನೆ ಸಹಸ್ರಾರು ಮರಿಗಳು ಮತ್ತೆ ಕೊಳವನ್ನು ಸೇರುತ್ತವೆ. ಹುಳುವನ್ನು ಕಡ್ಡಿಗೆ ಸುತ್ತಿ, ಹರಿಯದಂತೆ ಮೆಲ್ಲಮೆಲ್ಲನೆ ಎಳೆದು ತೆಗೆಯುವುದು ಅಲ್ಲಿನ ಕ್ಷೌರಿಕರ ಕುಶಲವಿದ್ಯೆಯಾಗಿತ್ತು. ಮೆಟ್ಟಿಲುಬಾವಿಗಳಿದ್ದ ನಮ್ಮ ಉತ್ತರ ಕರ್ನಾಟಕದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಭಾರತವು ಈ ರೋಗದಿಂದ ಮುಕ್ತವೆಂದು ಘೋಷಿತವಾದುದು 2000ದಲ್ಲಷ್ಟೆ.

ಬುಖಾರಾದಲ್ಲಾದರೋ, 1920ರ ದಶಕದಲ್ಲಿ ಲಿಯೊನಿದ್ ಇಸಾಯೆವ್ ಎಂಬ ವೈದ್ಯವಿಜ್ಞಾನಿಯ ನೇತೃತ್ವದಲ್ಲಿ ರೋಗಿಗಳನ್ನು ಹುಡುಕಿ ಚಿಕಿತ್ಸೆ ನೀಡಿ, ಕೊಳಗಳನ್ನು ಶುದ್ಧಿಗೊಳಿಸಿ, ಹಲವನ್ನು ಬತ್ತಿಸಿ, ನಲ್ಲಿ ನೀರನ್ನು ಒದಗಿಸಿದುದರಿಂದ 1930ರ ದಶಕದ ಮೊದಲಲ್ಲಿಯೇ ಪಿಡುಗು ಅಳಿಯಿತು. ಔಷಧವಿಲ್ಲದ ರೋಗವನ್ನು ಮುಖ್ಯವಾಗಿ ನೀರಿನ ವ್ಯವಸ್ಥೆಯಿಂದ ಗೆದ್ದ ಈ ಸಾಹಸಕ್ಕೆ ಸಲ್ಲಬೇಕಾದಷ್ಟು ಪ್ರಸಿದ್ಧಿ ಸಂದಿಲ್ಲವೆಂದೇ ನನ್ನ ಭಾವನೆ.

ಮುಂದೆ ಹತ್ತಿಯ ಬೇಸಾಯ ಹಿಗ್ಗಿದಂತೆ ಜರಫ್ಶಾನದ ನೀರು ಸಾಲದಾಗಲು, 1960ರ ದಶಕದಲ್ಲಿ ಅಮು ದರ್ಯಾದ ನೀರನ್ನೇ ಪಂಪುಗಳಿಂದ ಮೇಲೆತ್ತಿ ಬುಖಾರಾದ ಕಡೆಗೆ ತಿರುಗಿಸಿದರು. ಸೋವಿಯೆತ್ ಒಕ್ಕೂಟ ಒಂದಾಗಿದ್ದಾಗ ಇದು ಒಂದೇ ಸರ್ಕಾರದ ಕಾಲುವೆ. 1991ರ ಬಳಿಕ ಜರಫ್ಶಾನದ ಮೂಲ ತಾಜಿಕಿಸ್ತಾನದಲ್ಲಿ, ಕಾಲುವೆಯ ಮೂಲ ತುರ್ಕ್‌ಮೆನಿಸ್ತಾನದಲ್ಲಿ ಉಳಿದು, ಉಜ್ಬೇಕಿಸ್ತಾನದ ಬುಖಾರಾ ತನ್ನ ನೀರಿಗಾಗಿ ಎರಡು ಪರರಾಜ್ಯಗಳನ್ನು ನೆಚ್ಚಿಕೊಂಡಿದೆ.