ಮಕ್ಕಳ ಜೀವನಾಂಶಕ್ಕೆ ಟ್ಯಾಕ್ಸ್ ಬೀಳುತ್ತದೆಯೇ?



ಗಂಡನಿಂದ ಬೇರೆಯಾಗಿ ಮಕ್ಕಳನ್ನು ಸಾಕುತ್ತಿರುವ ಸದಸ್ಯೆಯರು ನಮ್ಮ ಸಂಘಗಳಲ್ಲಿದ್ದಾರೆ. ಕೆಲವರಿಗೆ ಕೋರ್ಟಿನಿಂದ ಜೀವನಾಂಶದ ಆದೇಶ ಸಿಕ್ಕಿದೆ, ಕೆಲವರು ಇನ್ನೂ ಅಲೆಯುತ್ತಿದ್ದಾರೆ. ಇವರಿಂದ ನಾವು ಎರಡು ಮಾತುಗಳನ್ನು ಮತ್ತೆ ಮತ್ತೆ ಕೇಳುತ್ತೇವೆ. ಒಂದು, "ಟ್ಯಾಕ್ಸ್ ಕಟ್ಟಿಯೇ ಸಾಕಾಗಿದೆ, ಮಕ್ಕಳಿಗೆ ಎಲ್ಲಿಂದ ಕೊಡಲಿ ಅಂತಾರೆ." ಇನ್ನೊಂದು, "ಬ್ಯಾಂಕಿಗೆ ಹಾಕಿದ್ರೆ ನಿನಗೇ ಟ್ಯಾಕ್ಸ್ ಬೀಳುತ್ತೆ, ಕೈಯಲ್ಲೇ ತಗೋ ಅಂತಾರೆ." ಈ ಎರಡು ಮಾತು ಎಷ್ಟು ನಿಜ?

ಮೊದಲು ತಂದೆಯ ಲೆಕ್ಕ ನೋಡೋಣ. ಮಕ್ಕಳಿಗೆ ಕೊಡುವ ಜೀವನಾಂಶವನ್ನು ತನ್ನ ಆದಾಯದಿಂದ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಲು ನಮ್ಮ ದೇಶದಲ್ಲಿ ಅವಕಾಶವಿಲ್ಲ. ಇದು ಹಳೆಯ ತೀರ್ಮಾನ. ಸೀತಲ್‌ದಾಸ್ ತೀರಥ್‌ದಾಸ್ ಎಂಬವರು ಕೋರ್ಟಿನ ಡಿಕ್ರಿಯಂತೆ ಹೆಂಡತಿ ಮಕ್ಕಳಿಗೆ ಕೊಟ್ಟ ಹಣವನ್ನು ತಮ್ಮ ಆದಾಯದಿಂದ ಬಿಡಬೇಕೆಂದು ಕೇಳಿ ಸುಪ್ರೀಂ ಕೋರ್ಟಿನವರೆಗೆ ಕೇಸು ಹೋಯಿತು. 1960ರಲ್ಲಿ ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. ಹಣ ಮೊದಲು ಅವರ ಆದಾಯವಾಗಿ ಕೈಗೆ ಬಂದಿದೆ, ಆಮೇಲೆ ಅವರು ತಮ್ಮ ಹೊಣೆಗಾಗಿ ಖರ್ಚು ಮಾಡಿದ್ದಾರೆ ಎಂಬುದೇ ಕಾರಣ.

ಒಂದು ಉದಾಹರಣೆ ಹೇಳುತ್ತೇವೆ. ಒಳ್ಳೆ ಕೆಲಸದಲ್ಲಿರುವ ತಂದೆಯೊಬ್ಬರ ತೆರಿಗೆಗೆ ಒಳಪಡುವ ಆದಾಯ ವರ್ಷಕ್ಕೆ 13 ಲಕ್ಷ ಎಂದಿಟ್ಟುಕೊಳ್ಳಿ. ಮಗಳಿಗೆ ತಿಂಗಳಿಗೆ 10,000 ರೂಪಾಯಿಯಂತೆ ವರ್ಷಕ್ಕೆ 1,20,000 ಕೊಡುತ್ತಾರೆ. ಅದನ್ನು ಕಳೆಯಲು ಬಿಟ್ಟಿದ್ದರೆ 11,80,000 ಉಳಿದು, 2025-26ನೇ ಸಾಲಿನ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುತ್ತಿರಲಿಲ್ಲ. ಕಳೆಯುವಂತಿಲ್ಲದ ಕಾರಣ ಸೆಸ್ ಸೇರಿ 78,000 ರೂಪಾಯಿ ಕಟ್ಟಬೇಕು. ಅವರಿಗೆ ಇದು ಭಾರವೇ, ಇಲ್ಲವೆನ್ನುವುದಿಲ್ಲ. ಆದರೆ ಹೆಂಡತಿ ಮಕ್ಕಳ ಜೊತೆಯಲ್ಲೇ ಬಾಳುವ ತಂದೆಗೂ ಅಕ್ಕಿ, ಬಟ್ಟೆ, ಔಷಧಿಯ ಖರ್ಚನ್ನು ಹೀಗೆ ಕಳೆಯಲು ಬಿಡುವುದಿಲ್ಲವಲ್ಲ! ಮತ್ತೆ, ಮಗಳಿಗೆ ಒಂದು ರೂಪಾಯಿ ಕೊಡದಿದ್ದರೂ ಅವರ ತೆರಿಗೆ ಅಷ್ಟೇ. ಕೊಟ್ಟಿದ್ದರಿಂದ ಹೆಚ್ಚಾಗಲಿಲ್ಲ.

ಜೀವನಾಂಶ ನಿಗದಿ ಮಾಡುವಾಗ ಕೋರ್ಟು ತೆರಿಗೆಯಂಥ ಕಡ್ಡಾಯ ಕಡಿತಗಳನ್ನು ಗಮನಿಸುತ್ತದೆ. ತಾವಾಗಿ ಮಾಡಿಕೊಂಡ ಸಾಲದ ಕಂತು, ಚೀಟಿ ಹಣ ತೋರಿಸಿ "ಕೈಗೆ ಏನೂ ಉಳಿಯಲ್ಲ" ಎಂದರೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 2020ರ ರಜನೀಶ್-ನೇಹಾ ತೀರ್ಪಿನ ಪ್ರಕಾರ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ವಿವರವನ್ನು ಅಫಿಡವಿಟ್ ಮೂಲಕ ಕೊಡಬೇಕು. ಟ್ಯಾಕ್ಸ್ ಕಟ್ಟುತ್ತೇನೆ ಎನ್ನುವವರ ರಿಟರ್ನ್ ಪ್ರತಿಯನ್ನು ನಿಮ್ಮ ವಕೀಲರ ಮೂಲಕ ಕೇಳಿ. ನಿಜ ಸಂಬಳ ಅಲ್ಲೇ ಗೊತ್ತಾಗುತ್ತದೆ.

ತಂದೆಗೆ ಇರುವ ಒಂದು ಸಣ್ಣ ದಾರಿ ಶಾಲೆಯ ಫೀಸು. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರು ಇಬ್ಬರು ಮಕ್ಕಳ ಟ್ಯೂಷನ್ ಫೀಸನ್ನು, ವಿಮೆ ಮುಂತಾದ ಉಳಿತಾಯಗಳೂ ಸೇರಿ ಒಟ್ಟು ಒಂದೂವರೆ ಲಕ್ಷದ ಮಿತಿಯೊಳಗೆ ಕಳೆಯಬಹುದು. ಡೊನೇಷನ್, ಬಸ್ ಚಾರ್ಜು ಇದರಲ್ಲಿ ಬರುವುದಿಲ್ಲ. ಯಾರು ಕಟ್ಟುತ್ತಾರೋ ಅವರಿಗೇ ಈ ಅನುಕೂಲ. ಹಾಗಾಗಿ "ಫೀಸನ್ನು ನಾನೇ ಶಾಲೆಗೆ ಕಟ್ಟುತ್ತೇನೆ" ಎಂದರೆ ಜಗಳ ಬೇಡ, ರಸೀದಿಯ ಪ್ರತಿ ಮಾತ್ರ ತಪ್ಪದೆ ತೆಗೆದುಕೊಳ್ಳಿ.

ಇನ್ನು ತಾಯಿಯ ಲೆಕ್ಕ. ಮಗುವಿನ ಊಟ, ಬಟ್ಟೆ, ಓದಿಗೆಂದು ತಂದೆ ಕೊಡುವ ಹಣ ನಿಮ್ಮ ಸಂಪಾದನೆಯಲ್ಲ. ನಿಮ್ಮ ಖಾತೆಗೆ ಬಂದರೂ ಅದು ಮಗುವಿನ ಖರ್ಚಿನ ಹಣ. ವಿಚ್ಛೇದನದ ನಂತರ ನಿಮಗೆಂದೇ ತಿಂಗಳು ತಿಂಗಳು ಬರುವ ಜೀವನಾಂಶದ ಮಾತು ಬೇರೆ. ಅದು ಆದಾಯ, ಒಂದೇ ಸಲ ಕೊಡುವ ಇಡಿಗಂಟು ಆದಾಯವಲ್ಲ ಎಂದು ಬಾಂಬೆ ಹೈಕೋರ್ಟ್ ಹೇಳಿದೆ. ಆದಾಯ ಎಂದ ಕೂಡಲೇ ಹೆದರಬೇಡಿ. 2025-26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಲೆಕ್ಕವೇ ಶುರುವಾಗುವುದಿಲ್ಲ, ಒಟ್ಟು 12 ಲಕ್ಷದವರೆಗೆ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಹೊಲಿಗೆ, ಹೈನುಗಾರಿಕೆಯ ಆದಾಯಕ್ಕೆ ತಿಂಗಳಿಗೆ ಐದಾರು ಸಾವಿರ ಜೀವನಾಂಶ ಕೂಡಿಸಿದರೂ ನಮ್ಮ ಸದಸ್ಯೆಯರು ಆ ಗಡಿಯ ಹತ್ತಿರಕ್ಕೂ ಹೋಗುವುದು ಅಪರೂಪ.

ಎಚ್ಚರ ಬೇಕಾದದ್ದು ಮಗುವಿನ ಹೆಸರಿನ ಎಫ್‌ಡಿ ಬಗ್ಗೆ. ರಾಜಿಯಾಗುವಾಗ ತಂದೆ ಮಗಳ ಹೆಸರಿಗೆ 5 ಲಕ್ಷ ಇಟ್ಟರೆ ಆ 5 ಲಕ್ಷಕ್ಕೆ ತೆರಿಗೆಯಿಲ್ಲ. ಬಡ್ಡಿಯನ್ನು ಮಾತ್ರ, ಮಗಳಿಗೆ 18 ತುಂಬುವವರೆಗೆ, ತಂದೆ ತಾಯಿಯಲ್ಲಿ ಒಬ್ಬರ ಆದಾಯಕ್ಕೆ ಸೇರಿಸುತ್ತಾರೆ. ವಿಚ್ಛೇದನವಾಗಿದ್ದರೆ ಆ ವರ್ಷ ಮಗುವನ್ನು ಸಾಕಿದವರ ಆದಾಯಕ್ಕೆ. ವಿಚ್ಛೇದನವಾಗದೆ ಬರೀ ಬೇರೆ ಇದ್ದರೆ ಇಬ್ಬರಲ್ಲಿ ಹೆಚ್ಚು ಆದಾಯ ಇರುವವರಿಗೆ. ಶೇಕಡಾ 7ರ ಬಡ್ಡಿಯಾದರೆ ವರ್ಷಕ್ಕೆ 35,000. ಇದರಿಂದ ನಿಮಗೆ ತೆರಿಗೆ ಬಾರದಿದ್ದರೂ, ಬಡ್ಡಿ ವರ್ಷಕ್ಕೆ 50,000 ದಾಟಿದರೆ ಬ್ಯಾಂಕಿನವರು ಟಿಡಿಎಸ್ ಹಿಡಿಯುತ್ತಾರೆ, ಪಾನ್ ಕೊಡದಿದ್ದರೆ ದುಪ್ಪಟ್ಟು. ತೆರಿಗೆ ಬಾರದವರು ಘೋಷಣಾ ಪತ್ರ (ಬಹಳ ವರ್ಷ 15ಜಿ ಫಾರಂ ಎಂದು ಕರೆಯುತ್ತಿದ್ದದ್ದು) ಕೊಟ್ಟು ಇದನ್ನು ತಪ್ಪಿಸಬಹುದು. ಎಫ್‌ಡಿಯಲ್ಲಿ ಪೋಷಕರು ಎಂದು ಯಾರ ಹೆಸರಿದೆ ಎಂಬುದನ್ನೂ ಓದಿ ನೋಡಿ. ಗಂಡನ ಹೆಸರಿದ್ದರೆ ನಾಳೆ ಮುರಿಸುವ ಅಧಿಕಾರವೂ ಅವರ ಕೈಯಲ್ಲೇ.

ಗೃಹಲಕ್ಷ್ಮಿ ಹಣ ನಿಂತುಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. 2023ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯ ನಿಯಮದಲ್ಲಿ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರಾಗಿರಬಾರದು ಎಂದಿದೆ. ಜೀವನಾಂಶ ಪಡೆದ ಮಾತ್ರಕ್ಕೆ ನೀವು ತೆರಿಗೆ ಪಾವತಿದಾರರಾಗುವುದಿಲ್ಲ. ಗಂಡ ಕಟ್ಟುವ ತೆರಿಗೆ ಮಾತ್ರ ನಿಮಗೆ ಅಡ್ಡ ಬರಬಹುದು. ಆದ್ದರಿಂದ ವಿಚ್ಛೇದನವಾದವರು ಡಿಕ್ರಿಯ ಪ್ರತಿ ಕೊಟ್ಟು ರೇಷನ್ ಕಾರ್ಡ್ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಈಗ ಕೈಯಲ್ಲಿ ಹಣ ತೆಗೆದುಕೊಳ್ಳುವ ಮಾತು. ನಗದು ಪಡೆದು ನಿಮಗೆ ಉಳಿಯುವ ತೆರಿಗೆ ಏನೂ ಇಲ್ಲ, ಕಳೆದುಕೊಳ್ಳುವುದು ದಾಖಲೆ. 125ನೇ ಕಲಂ ಎಂದು ನಾವೆಲ್ಲ ಕರೆಯುತ್ತಿದ್ದ ಕಾನೂನು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಅದರ ಪ್ರಕಾರ ಬಾಕಿ ವಸೂಲಿಗೆ ಹಣ ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಯಾವ ತಿಂಗಳು ಬಂತು, ಯಾವ ತಿಂಗಳು ಬರಲಿಲ್ಲ ಎಂದು ತೋರಿಸಲು ಪಾಸ್‌ಬುಕ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಆದೇಶದಲ್ಲಿ ನಿಮಗೆ ಇಷ್ಟು, ಮಗುವಿಗೆ ಇಷ್ಟು ಎಂದು ಬೇರೆ ಬೇರೆಯಾಗಿ ಬರೆಸಲು ವಕೀಲರಿಗೆ ಮೊದಲೇ ಹೇಳಿ. ಎರಡು ತಿಂಗಳಿಗೊಮ್ಮೆಯಾದರೂ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಳ್ಳಿ.