ನಿಮ್ಮ ಜೀಪಿಗೆ ಯಾವ ಕ್ರೌನ್-ಪಿನಿಯನ್ ಹೊಂದುತ್ತದೆ?

ಜೀಪಿಗೆ ದೊಡ್ಡ ಟೈರ್ ಹಾಕಿಸಿದ ಮೇಲೆ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತಿದೆಯೇ? ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಘಾಟಿಗೆ ಈಗ ಎರಡನೇ ಗೇರ್ ಬೇಕೇ? ಎಂಜಿನ್ ಬಿಚ್ಚಿಸುವ ಮೊದಲು ಆಕ್ಸಲ್‌ನ ಗೇರ್ ಅನುಪಾತ ನೋಡಿ.

ಆಕ್ಸಲ್ ನಡುವಿನ ಉಬ್ಬಿದ ಹೌಸಿಂಗ್‌ನಲ್ಲಿ ಎರಡು ಗೇರ್‌ಗಳಿವೆ. ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವ ಚಿಕ್ಕದು ಪಿನಿಯನ್. ಪಿನಿಯನ್ ತಿರುಗಿಸುವ ದೊಡ್ಡದು ಕ್ರೌನ್. ಕ್ರೌನ್‌ನ ಹಲ್ಲುಗಳನ್ನು ಪಿನಿಯನ್‌ನ ಹಲ್ಲುಗಳಿಂದ ಭಾಗಿಸಿದರೆ ಅನುಪಾತ. 41ಕ್ಕೆ 10 ಇದ್ದರೆ 4.10. ಹಳೆಯ ಸಿಜೆ-3ಬಿ ಜೀಪಿನಲ್ಲಿ 43ಕ್ಕೆ 8, ಅಂದರೆ 5.38. ಸಂಖ್ಯೆ ದೊಡ್ಡದಾದಷ್ಟೂ ಚಕ್ರಕ್ಕೆ ಎಳೆತ ಹೆಚ್ಚು. ಆದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು.

ನಿಮ್ಮ ಗಾಡಿಯಲ್ಲಿ ಎಷ್ಟಿದೆ ಎಂದು ತಿಳಿಯಲು ಹೌಸಿಂಗ್ ಬಿಚ್ಚಬೇಕಿಲ್ಲ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಭದ್ರವಾಗಿ ಕಲ್ಲು ಕೊಡಿ. ಹಿಂದಿನ ಒಂದೇ ಚಕ್ರವನ್ನು ಜ್ಯಾಕ್ ಮೇಲೆ ಎತ್ತಿ, ಆಕ್ಸಲ್‌ ಕೆಳಗೆ ಸ್ಟ್ಯಾಂಡ್ ಇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಶಾಫ್ಟನ್ನು. ಹಾಗಾಗಿ ಅದನ್ನು ಬಿಟ್ಟಿರಬೇಕು. ಶಾಫ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಐದು ಸುತ್ತು ದಾಟಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ತಿರುಗಿದರೆ ಅದು 5.38. ಎರಡು ಸುತ್ತು ಏಕೆ? ಒಂದು ಚಕ್ರ ನೆಲದಲ್ಲಿ ನಿಂತಿರುವಾಗ ಡಿಫರೆನ್ಷಿಯಲ್, ಅಂದರೆ ಎರಡೂ ಚಕ್ರಗಳಿಗೆ ತಿರುಗುವಿಕೆಯನ್ನು ಹಂಚುವ ಗೇರ್ ಗುಂಪು, ಕ್ರೌನನ್ನು ಅರ್ಧದಷ್ಟೇ ತಿರುಗಿಸುತ್ತದೆ.

ಇನ್ನು ಆಯ್ಕೆ. ಹಳೆಯ ಅನುಪಾತವನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೆಯ ಟೈರಿನ ಎತ್ತರದಿಂದ ಭಾಗಿಸಿ. 28 ಇಂಚಿನಿಂದ 31ಕ್ಕೆ ಹೋದರೆ 4.10 ಇದ್ದದ್ದು 4.54 ಆಗಬೇಕು, ಅದಕ್ಕೆ ಹತ್ತಿರದ್ದು 4.56.

‘ಇನ್ನೂ ದೊಡ್ಡ ಸಂಖ್ಯೆ ಹಾಕಿಸಿದರೆ ಒಳ್ಳೆಯದಲ್ಲವೇ?’ ಬೇಡ. ಟಾಪ್ ಗೇರ್ 1:1 ಇರುವ ಗಾಡಿಯಲ್ಲಿ, 31 ಇಂಚಿನ ಟೈರಿನಲ್ಲಿ, 80 ಕಿ.ಮೀ. ವೇಗಕ್ಕೆ 4.56 ಇದ್ದರೆ ಎಂಜಿನ್ ನಿಮಿಷಕ್ಕೆ ಸುಮಾರು 2,450 ಸುತ್ತು ತಿರುಗುತ್ತದೆ. 5.38 ಇದ್ದರೆ ಸುಮಾರು 2,900. ದಿನವೂ ಕೊಡಚಾದ್ರಿ ಹತ್ತುವ ಜೀಪಿಗೆ ಅದು ಅಡ್ಡಿಯಿಲ್ಲ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೆದ್ದಾರಿಯಲ್ಲಿ ಹೋಗಿ ಒಂದು ದಿನ ಕೆಸರಿಗಿಳಿಯುವವರಿಗೆ ಡೀಸೆಲ್ಲೂ ದಂಡ, ಕಿವಿಗೂ ಹಿಂಸೆ.

ಬಂಡೆಗಳ ಮೇಲೆ ತೆವಳುವ ಶಕ್ತಿ ಆಕ್ಸಲ್ ಒಂದರಿಂದಲೇ ಬರುವುದಿಲ್ಲ. ಮೊದಲ ಗೇರ್, ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಲೋ ಗೇರ್, ಆಕ್ಸಲ್ ಮೂರನ್ನೂ ಗುಣಿಸಿ. ಸಿಜೆ-3ಬಿಯಲ್ಲಿ 5.38 ಇದ್ದರೂ ಗುಣಲಬ್ಧ ಸುಮಾರು 37. ಮ್ಯಾನುಯಲ್ ಗೇರಿನ ಜೆಕೆ ಪೀಳಿಗೆಯ ರ‍್ಯಾಂಗ್ಲರ್ ರುಬಿಕಾನ್‌ನಲ್ಲಿ ಆಕ್ಸಲ್ 4.10 ಮಾತ್ರ, ಗುಣಲಬ್ಧ ಸುಮಾರು 73. ಅದರ ಲೋ ಗೇರ್ 4:1 ಇರುವುದು ಒಂದು ಮುಖ್ಯ ಕಾರಣ. ಆದ್ದರಿಂದ ಆಕ್ಸಲ್ ಅನುಪಾತವನ್ನು ಟೈರಿಗೆ ಮತ್ತು ನೀವು ಹೆಚ್ಚು ಓಡಿಸುವ ರಸ್ತೆಗೆ ಹೊಂದಿಸಿ. ತೆವಳುವ ಕೆಲಸ ಲೋ ಗೇರಿಗಿರಲಿ.

ಫೋರ್‌ವೀಲ್ ಗಾಡಿಯಲ್ಲಿ ಮುಂದೆ, ಹಿಂದೆ ಎರಡೂ ಆಕ್ಸಲ್‌ಗಳ ಅನುಪಾತ ಒಂದೇ ಇರಲೇಬೇಕು. ಇಲ್ಲವಾದರೆ ಫೋರ್‌ವೀಲ್ ಹಾಕಿದಾಗ ಒಂದಕ್ಕೊಂದು ಎಳೆದಾಡಿ ಗೇರ್ ಮುರಿಯುತ್ತದೆ. ಹಾಗಾಗಿ ಖರ್ಚೂ ಎರಡರಷ್ಟು: ಎರಡು ಸೆಟ್, ಬೇರಿಂಗ್, ಸೀಲ್, ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ), ಗೇರ್ ಆಯಿಲ್, ಕೂಲಿ. ಇಷ್ಟಕ್ಕೂ ಸೇರಿಸಿ ದರ ಕೇಳಿ. ಬೆಂಗಳೂರಿನವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು. ಕ್ರೌನ್, ಪಿನಿಯನ್ ಒಟ್ಟಿಗೇ ಮಸೆದ ಜೋಡಿ; ಬೇರೆ ಬೇರೆ ಸೆಟ್ಟಿನದನ್ನು ಕೂಡಿಸಿದರೆ ಕೂಗು ತಪ್ಪದು. ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್ ಕಡೆಯಿಂದ ಬರುವ ಗಾಡಿಗಳಲ್ಲಿ ಅದು ಸರಿಯಾಗಿ ತೋರಿಸುತ್ತಿದೆಯೇ ಎಂದೂ ನೋಡಬೇಕು.

ದುಡ್ಡು ಕೊಡುವ ಮುನ್ನ ಹಲ್ಲುಗಳ ಲೆಕ್ಕವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹೌಸಿಂಗ್ ಮುಚ್ಚುವ ಮೊದಲು ಹಲ್ಲಿಗೆ ಬಣ್ಣ ಬಳಿದು ತಿರುಗಿಸಲು ಮೆಕ್ಯಾನಿಕ್‌ಗೆ ಹೇಳಿ. ಉಜ್ಜಿದ ಗುರುತು ಹಲ್ಲಿನ ನಡುಭಾಗದಲ್ಲಿ ಬಿದ್ದಿಲ್ಲವಾದರೆ ಶಿಮ್ ಬದಲಿಸಿ ಮತ್ತೆ ಕೂರಿಸುವವರೆಗೆ ಗಾಡಿ ಬಿಡಿಸಿಕೊಳ್ಳಬೇಡಿ.