ಮನೆಗೆ ಬಂದ ಗಣಕಯಂತ್ರ ಮತ್ತು ಅದರ ಕಪ್ಪು ಕಿಟಕಿ

ಹಳಿಯಾಳ ತಾಲೂಕಿನ ಸಾಂಬ್ರಾಣಿಯಲ್ಲಿರುವ ನನ್ನ ತಂಗಿಯ ಮನೆಗೆ ಕಳೆದ ಶ್ರಾವಣದಲ್ಲಿ ಒಂದು ಗಣಕಯಂತ್ರವು ಬಂದಿತು. ಮನೆಗೆ ಹೊಸದು, ಅಂಗಡಿಗೆ ಹಳೆಯದು. ಅದರ ಬ್ಯಾಟರಿಯು ಹೆಸರಿಗೆ ಮಾತ್ರ ಇದ್ದಿತು. ಇಂಜಿನಿಯರಿಂಗ್ ಕಲಿಯುವ ಮಗಳ ಸಲುವಾಗಿ ಹಿಂದಿನ ಸುಗ್ಗಿಯ ಭತ್ತದ ಹಣದಲ್ಲಿ ದೊಡ್ಡದೊಂದು ಪಾಲು ಅದಕ್ಕೆ ವೆಚ್ಚವಾಯಿತು.

ಆದರೆ ಬರಿಯ ಯಂತ್ರದಿಂದ ಈ ವಿದ್ಯೆಯು ಸಾಗದು. ಬರೆದ ಕ್ರಮವಿಧಿಯನ್ನು ಯಂತ್ರಭಾಷೆಗೆ ತಿರುಗಿಸುವ ಸಂಕಲಕ, ತಿದ್ದುಪಡಿಗಳ ಲೆಕ್ಕವಿಡುವ ಗಿಟ್, ಪೈಥಾನ್ ಭಾಷೆ, ಇವೇ ಮೊದಲಾದ ಉಪಕರಣಗಳನ್ನು ಅದರಲ್ಲಿ ನೆಲೆಗೊಳಿಸಬೇಕು. ಇವಕ್ಕೆ ಕಾಸು ಕೊಡಬೇಕಾಗಿಲ್ಲ. ಆದರೆ ಇವುಗಳನ್ನು ತರಿಸಿಕೊಳ್ಳುವ ರೂಢಿಯ ಮಾರ್ಗವೆಂದರೆ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಅಪ್ಪಣೆಗಳನ್ನು ಬರೆಯುವುದು.

ಈ ಕಿಟಕಿಯ ಮೂಲವನ್ನು ತಿಳಿದರೆ ವಾಚಕರ ಅರ್ಧ ಅಂಜಿಕೆಯು ಹೋದೀತು. 1969ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದಾಗ, ಪರದೆಯ ಸ್ಥಾನದಲ್ಲಿ ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರವಿದ್ದಿತು. ಅದು ಸೆಕೆಂಡಿಗೆ ಹತ್ತೇ ಅಕ್ಷರಗಳನ್ನು ಕಾಗದದ ಮೇಲೆ ಮೂಡಿಸುತ್ತಿತ್ತು. ಆದಕಾರಣ ಅಪ್ಪಣೆಗಳು ತಂತಿಯ ಸಂದೇಶದಂತೆ ಮೊಟಕಾದವು: ಪ್ರತಿ ಮಾಡಲು ‘ಸಿಪಿ’, ಪಟ್ಟಿ ತೋರಿಸಲು ‘ಎಲ್‌ಎಸ್’. ನಮ್ಮ ದೇಶದ ತಂತಿ ಸೇವೆಯು 2013ರಲ್ಲಿ ನಿಂತುಹೋಯಿತು. ಈ ಮಿತವ್ಯಯವು ಮಾತ್ರ ಉಳಿದಿದೆ. ಕೆಲಸವು ನೆಟ್ಟಗೆ ನಡೆದರೆ ಅನೇಕ ಅಪ್ಪಣೆಗಳು ಏನೂ ನುಡಿಯುವುದಿಲ್ಲ. ಇದನ್ನರಿಯದೆ ಹುಡುಗಿಯು ಒಂದೇ ಅಪ್ಪಣೆಯನ್ನು ಮೂರು ಸಲ ಬರೆದಳಂತೆ!

ಅವಳ ಯಂತ್ರದಲ್ಲಿ ಇದ್ದುದು ಉಬುಂಟು. ಅಲ್ಲಿ ಮೊದಲು ‘ಸುಡೋ ಆ್ಯಪ್ಟ್ ಅಪ್‌ಡೇಟ್’ ಎಂದು ರೋಮನ್ ಅಕ್ಷರಗಳಲ್ಲಿ ಬರೆದು ಸರಕಿನ ಪಟ್ಟಿಯನ್ನು ಹೊಸದಾಗಿಸಿಕೊಳ್ಳಬೇಕು, ಆಮೇಲೆ ಬೇಕಾದುದನ್ನು ಹೆಸರಿಸಿ ತರಿಸಬೇಕು. ನಡುವೆ ಯಂತ್ರವು ಗುಪ್ತಪದವನ್ನು ಕೇಳುತ್ತದೆ. ಕೀಲಿಗಳನ್ನೊತ್ತಿದರೂ ಪರದೆಯಲ್ಲಿ ಒಂದು ಚುಕ್ಕೆಯಾದರೂ ಮೂಡದೆ ಇರಬಹುದು. ಕೀಲಿಮಣೆ ಕೆಟ್ಟಿತೆಂದು ಯಾರೂ ಗಾಬರಿಯಾಗತಕ್ಕದ್ದಲ್ಲ.

ನಿಜವಾದ ಗಾಬರಿಯು ಆಮೇಲೆ ಬಂದಿತು. ಉಪಕರಣಗಳು ನೆಲೆಗೊಳ್ಳುತ್ತಿರುವಾಗಲೇ ಮಳೆಗೆ ವಿದ್ಯುತ್ತು ಹೋಗಿ ಯಂತ್ರವು ಆರಿತು. ಮತ್ತೆ ಹಚ್ಚಿ ಅಪ್ಪಣೆ ಕೊಟ್ಟರೆ, ‘ಡಿಪಿಕೆಜಿಯ ಕೆಲಸವು ನಡುವೆ ನಿಂತಿದೆ’ ಎಂಬ ದೋಷವಾಕ್ಯ. ತಾಯಿಯು ಭತ್ತದ ಹಣವನ್ನು ನೆನೆದು ಕಣ್ಣೀರಿಟ್ಟಳು. ಹುಡುಗಿಯು ಫೋನಿನಲ್ಲಿ ನನಗೆ ಆ ವಾಕ್ಯದ ಅರ್ಧವನ್ನು ಮಾತ್ರ ಓದಿ ಹೇಳಿದಳು. “ಪೂರ್ತಿ ಓದು” ಎಂದೆ. ಮಿಕ್ಕ ಅರ್ಧದಲ್ಲಿಯೇ ಪರಿಹಾರದ ಅಪ್ಪಣೆಯು ಬರೆದಿದ್ದಿತು! ಅದನ್ನು ಹಾಗೆಯೇ ಬರೆಯಲು, ಅರ್ಧಕ್ಕೆ ನಿಂತ ಕಟ್ಟುಗಳೆಲ್ಲ ಒಂದೊಂದಾಗಿ ನೆಲೆಗೊಂಡವು. ಯಂತ್ರಕ್ಕೇನೂ ಆಗಿರಲಿಲ್ಲ.

ಇಷ್ಟಾದ ಮೇಲೆ ಒಂದು ವಿಷಯವನ್ನು ಅವಳಿಗೆ ಕಟ್ಟುನಿಟ್ಟಾಗಿ ಹೇಳಿದೆನು. ‘ಸುಡೋ’ ಎಂದು ಬರೆದೊಡನೆ ಯಂತ್ರದ ಯಜಮಾನಿಕೆಯೆಲ್ಲ ಆ ಒಂದು ಅಪ್ಪಣೆಯ ಕೈಗೆ ಹೋಗುತ್ತದೆ. ‘ಆರ್‌ಎಮ್’ ಎಂಬುದು ಅಳಿಸಿದ ಕಡತವನ್ನು ಕಸದ ಬುಟ್ಟಿಯಲ್ಲಿಯೂ ಇಡುವುದಿಲ್ಲ. ಆದುದರಿಂದ ಎಲ್ಲಿಯೋ ಕಂಡ ಸಾಲನ್ನು ಅರ್ಥವರಿಯದೆ ತಂದು ಅಂಟಿಸಕೂಡದು. ಮನೆಯ ಕೀಲಿಕೈಯನ್ನು ದಾರಿಹೋಕರಿಗೆ ಯಾರಾದರೂ ಕೊಡುತ್ತಾರೆಯೆ?

ಬೇರೆ ಯಂತ್ರಗಳವರಿಗೆ ಎರಡು ಮಾತು. ಆ್ಯಪಲ್ ಯಂತ್ರದಲ್ಲಿ ಭಾರಿ ಗಾತ್ರದ ಎಕ್ಸ್‌ಕೋಡ್ ಪೂರ್ತಿ ಬೇಕಾಗಿಲ್ಲ. ಅಪ್ಪಣೆಸಾಲಿನ ಉಪಕರಣಗಳನ್ನಷ್ಟೇ ಬೇರೆಯಾಗಿ ತರಿಸಬಹುದು. ಜಾಲವು ದುರ್ಬಲವಾದ ಊರುಗಳಲ್ಲಿ ಇದು ದೊಡ್ಡ ಉಳಿತಾಯ. ವಿಂಡೋಸ್‌ನಲ್ಲಿ ಲಿನಕ್ಸ್ ಉಪವ್ಯವಸ್ಥೆಯನ್ನು ಒಂದೇ ಅಪ್ಪಣೆಯಿಂದ ಕೂಡಿಸಿಕೊಳ್ಳಬಹುದು.

ಉಬುಂಟುವಿನಲ್ಲಿ ಕಗಪ ಕೀಲಿಮಣೆಯ ವಿನ್ಯಾಸವೂ ಉಂಟು. ಕನ್ನಡದಲ್ಲಿ ಬರೆದ ಮೇಲೆ ಅದನ್ನು ಬದಲಿಸಲು ಮರೆತರೆ ಟರ್ಮಿನಲ್ಲು ‘ಇಂಥ ಅಪ್ಪಣೆಯಿಲ್ಲ’ ಎನ್ನುತ್ತದೆ. ಹುಡುಗಿಯ ಮೊದಲ ಪೈಥಾನ್ ಕ್ರಮವಿಧಿಯು ಊರಿನ ಹೆಸರನ್ನು ಕನ್ನಡದಲ್ಲಿ ತೋರಿಸುವಂಥದು. ಕಪ್ಪು ಕಿಟಕಿಯು ಅಕ್ಷರಗಳನ್ನು ಸಮ ಅಳತೆಯ ಮನೆಗಳಲ್ಲಿ ಕೂರಿಸುವುದರಿಂದ ‘ಬ್ರಾ’ದ ಒತ್ತು ಸರಿಯಾಗಿ ಕೂಡಲಿಲ್ಲ. ಅದನ್ನೇ ಒಂದು ಕಡತಕ್ಕೆ ಬರೆಯಿಸಿ ಬೇರೆಡೆ ತೆರೆದು ನೋಡಲು, ‘ಸಾಂಬ್ರಾಣಿ’ ಎಂದು ನೆಟ್ಟಗೆ ಬಂದಿದ್ದಿತು.